ಎಕ್ಸ್‌ಕವೇಟರ್‌ನ ಹೈಡ್ರಾಲಿಕ್ ಫಿಲ್ಟರ್ ಎಷ್ಟು ಗಂಟೆಗೊಮ್ಮೆ ಬದಲಿಸಬೇಕು? ತೊಳೆದು ಮತ್ತೆ ಹಾಕಬಹುದಾ?

ರಿಟರ್ನ್ ಫಿಲ್ಟರ್ ಅನ್ನು, ಅಂದರೆ ಟ್ಯಾಂಕಿಗೆ ವಾಪಸ್ ಬರುವ ಆಯಿಲ್ ಸೋಸುವ ಫಿಲ್ಟರ್ ಅನ್ನು, ತೊಳೆದು ಹಾಕಬೇಡಿ. ಟ್ಯಾಂಕ್ ಒಳಗಿನ ತಂತಿ ಜಾಲರಿಯನ್ನು, ಅಂದರೆ ಸಕ್ಷನ್ ಸ್ಟ್ರೈನರ್ ಅನ್ನು, ತೊಳೆದು ಒಣಗಿಸಿ ಹಾಕಬಹುದು. ರಿಟರ್ನ್ ಫಿಲ್ಟರ್‌ನ ಮಡಿಕೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಸಿಕ್ಕಿರುತ್ತವೆ. ಗಾಳಿ ಹೊಡೆದರೆ ಮಡಿಕೆ ಹರಿಯುತ್ತದೆಯೇ ಹೊರತು ಕೊಳೆ ಹೋಗುವುದಿಲ್ಲ.

ಗಂಟೆಯ ಲೆಕ್ಕ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿದೆ. 20 ಟನ್ನಿನ ಎಷ್ಟೋ ಗಾಡಿಗಳಿಗೆ 1000 ಗಂಟೆ ಹೇಳಿರುತ್ತಾರೆ. ಆದರೆ ಅದು ಬಕೆಟ್ ಕೆಲಸಕ್ಕೆ. ಕ್ವಾರಿಯಲ್ಲಿ ದಿನವಿಡೀ ಬ್ರೇಕರ್ (ಬಕೆಟ್ ಬದಲು ಹಾಕುವ, ಕಲ್ಲು ಒಡೆಯುವ ಸುತ್ತಿಗೆ) ಓಡಿಸಿದರೆ ಅವಧಿ ಅರ್ಧಕ್ಕೂ ಕೆಳಗಿಳಿಯುತ್ತದೆ. ಅದಕ್ಕೆ ಬೇರೆ ಪಟ್ಟಿಯೇ ಇರುತ್ತದೆ, ನೋಡಿ.

ತಡ ಮಾಡಿದರೆ ಗಾಡಿ ನಿಲ್ಲುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಫಿಲ್ಟರ್ ಕಟ್ಟಿಕೊಂಡರೆ ಬೈಪಾಸ್ ವಾಲ್ವ್ ತೆರೆದು, ಆಯಿಲ್ ಸೋಸದೆ ಹಾಗೇ ಟ್ಯಾಂಕಿಗೆ ಹೋಗುತ್ತದೆ. ಆಪರೇಟರ್‌ಗೆ ಗೊತ್ತೇ ಆಗದಿರಬಹುದು. ಪಂಪ್ ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ.

ಹಳೇ ಫಿಲ್ಟರ್ ಸುಮ್ನೆ ಎಸೆಯಬೇಡಿ. ಕತ್ತರಿಸಿ, ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಹಿತ್ತಾಳೆ ಬಣ್ಣದ ಪುಡಿ ಮಿನುಗಿದರೆ ಪಂಪ್ ಅಥವಾ ಮೋಟರ್ ಮೇಲೆ ಅನುಮಾನ. ಕಪ್ಪು ರಬ್ಬರ್ ಚೂರು ಸಿಕ್ಕರೆ ಸಿಲಿಂಡರ್ ಸೀಲ್ ಹೋಗಿರಬಹುದು. ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಅದು ಉಕ್ಕು.

ಬಿಚ್ಚುವ ಮೊದಲು ಬಕೆಟ್ ನೆಲಕ್ಕಿಳಿಸಿ, ಇಂಜಿನ್ ಆಫ್ ಮಾಡಿ, ಆಯಿಲ್ ಆರಲು ಬಿಡಿ. ಟ್ಯಾಂಕಿನ ಒತ್ತಡವನ್ನೂ ಬಿಡಿಸಿ. ಮುಚ್ಚಳದ ಸುತ್ತ ಧೂಳು ಒರೆಸಿ, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹೊಸದೇ ಹಾಕಿ. ಬ್ಯಾರೆಲ್‌ನ ಹೊಸ ಆಯಿಲ್ ಕೂಡ ಅಷ್ಟೇನೂ ಶುದ್ಧವಲ್ಲ, ಸೋಸಿಯೇ ತುಂಬಿಸಿ.