18 ವರ್ಷ ನಿಂತ ಮಸ್ಟಾಂಗ್‌ಗೆ ಬ್ಯಾಟರಿ ಹಾಕುವ ಮೊದಲು

ಪ್ರಶ್ನೆ: ಓಹಾಯೋದಲ್ಲಿ 1965ರ ಫೋರ್ಡ್ ಮಸ್ಟಾಂಗ್ ಕೊಂಡಿದ್ದೇನೆ. 289 ಘನ ಇಂಚಿನ, ಎಂಟು ಸಿಲಿಂಡರಿನ ವಿ8 ಎಂಜಿನ್. ಬಣ್ಣ, ಸೀಟು ಎಲ್ಲಾ ಕಾರ್ಖಾನೆಯದ್ದೇ. 18 ವರ್ಷ ಗ್ಯಾರೇಜಿನಲ್ಲೇ ನಿಂತಿತ್ತು. ಬ್ಯಾಟರಿ ಹಾಕಿ ಹೊಸ ಪೆಟ್ರೋಲ್ ಸುರಿದರೆ ಸಾಕು, ಬ್ರೇಕ್ ಪೆಡಲ್ ಗಟ್ಟಿಯಾಗಿದೆ, ಓಡಿಸಿಕೊಂಡೇ ಹೋಗಿ ಎಂದರು ಮಾರಿದವರು. ಮನೆ 90 ಮೈಲಿ ದೂರ. ಹೋಗಬಹುದೇ?

ಉತ್ತರ: ಬೇಡ. ಟ್ರೇಲರ್ ಮೇಲೆ ಹಾಕಿ ತನ್ನಿ. ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಕೇಳುವವರೆಲ್ಲ ಎಂಜಿನ್ ಸ್ಟಾರ್ಟ್ ಮಾಡುವುದನ್ನೇ ಕೇಳುತ್ತಾರೆ, ಗಾಡಿ ನಿಲ್ಲುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವುದು ಮಾಸ್ಟರ್ ಸಿಲಿಂಡರ್. ಈ ಗಾಡಿಯಲ್ಲಿ ಅದಕ್ಕೆ ಇರುವುದು ಒಂದೇ ಕೋಣೆ. ನಾಲ್ಕೂ ಚಕ್ರಕ್ಕೆ ಅಲ್ಲಿಂದಲೇ ಬ್ರೇಕ್ ಆಯಿಲ್ ಹೋಗಬೇಕು. ಮುಂದೆ ಎರಡು, ಹಿಂದೆ ಒಂದು ರಬ್ಬರ್ ಹೋಸ್ ಇವೆ. ಅವುಗಳಲ್ಲಿ ಒಂದು ಒಡೆದರೂ ಪೆಡಲ್ ನೆಲಕ್ಕೆ ಹೋಗುತ್ತದೆ, ಒಂದು ಚಕ್ರಕ್ಕೂ ಬ್ರೇಕ್ ಇರುವುದಿಲ್ಲ. ಪೆಡಲ್ ಗಟ್ಟಿಯಾಗಿದ್ದರೆ ಸಮಾಧಾನಪಡಬೇಡಿ. ಹಳೇ ಹೋಸ್ ಒಳಗೊಳಗೇ ಊದಿಕೊಂಡು ದಾರಿ ಮುಚ್ಚಿದರೂ ಪೆಡಲ್ ಗಟ್ಟಿಯೇ ಆಗುತ್ತದೆ. ಒತ್ತಿದಾಗ ಹೋದ ಆಯಿಲ್ ವಾಪಸ್ ಬರದೆ ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಡ್ರಮ್ ಕಾದು ಸುಡುತ್ತದೆ. ಡ್ರಮ್ ಬಿಚ್ಚಿ, ಒಳಗೆ ಬ್ರೇಕ್ ಶೂಗಳನ್ನು ಒತ್ತುವ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಟೋಪಿಯನ್ನು ಉಗುರಿನಿಂದ ಎತ್ತಿ ನೋಡಿ. ಒಳಗೆ ಒದ್ದೆ ಇದ್ದರೆ ಅದು ಆಗಲೇ ಸೋರುತ್ತಿದೆ. ಒಣಗಿದ್ದರೂ ಬಿಡಬೇಡಿ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ನೀರು ಹೀರುತ್ತದೆ, ಆ ನೀರು ಒಳಗೋಡೆಯನ್ನು ತುಕ್ಕಿನಿಂದ ಕೊರೆಯುತ್ತದೆ. ಮೂರು ಹೋಸ್, ನಾಲ್ಕು ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಬದಲಿಸಿ. 1967ರ ಮಸ್ಟಾಂಗಿನ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಅದೇ ಬೋಲ್ಟ್‌ಗಳಿಗೆ ಕೂರುತ್ತದೆ, ಪೈಪು ಮಾತ್ರ ಹೊಂದಿಸಿಕೊಳ್ಳಬೇಕು. ಅದನ್ನೇ ಹಾಕಿಸಿ, ಹಳೆಯದನ್ನು ಡಬ್ಬಿಯಲ್ಲಿಡಿ. ಒರಿಜಿನಾಲಿಟಿ ಹೋಯಿತೆಂದು ಗೊಣಗುವವರಿಗೆ ಕಿವಿಗೊಡಬೇಡಿ.

ಎಂಜಿನ್ ಸರದಿ ಆಮೇಲೆ. ಎಂಟೂ ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೆ ಒಂದು ದೊಡ್ಡ ಚಮಚದಷ್ಟು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ತೆಳು ಆಯಿಲ್ (ಎಟಿಎಫ್) ಬಿಟ್ಟು ಎರಡು ದಿನ ಹಾಗೇ ಇರಲಿ. ಮುಂದಿನ ಪುಲ್ಲಿಯ ಬೋಲ್ಟ್‌ಗೆ 15/16 ಇಂಚಿನ ಸಾಕೆಟ್ ಹಾಕಿ, ಉದ್ದ ಹಿಡಿಯಿಂದ ಕೈಯಲ್ಲೇ ಎರಡು ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲಿಗೇ ಬಿಡಿ, ಇನ್ನೂ ನೆನೆಯಲಿ. ಸ್ಟಾರ್ಟರ್ ಹಾಕಿ ಎಳೆದಾಡಿಸಿದರೆ ತುಕ್ಕು ಹಿಡಿದ ಪಿಸ್ಟನ್ ರಿಂಗ್ ಮುರಿಯುತ್ತದೆ.

ಹೊಸ ಫಿಲ್ಟರ್ ಹಾಕಿ 5 ಕ್ವಾರ್ಟ್ ಆಯಿಲ್ ತುಂಬಿಸಿ. ಸ್ಟಾರ್ಟ್ ಮಾಡುವ ಮೊದಲೇ ಆಯಿಲ್ ಒತ್ತಡ ಬರಬೇಕು. ಅದಕ್ಕೆ, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಒಳಗಿನ ರೋಟರ್ ಎತ್ತ ನೋಡುತ್ತಿದೆ ಎಂದು ಗುರುತು ಮಾಡಿಕೊಂಡು ಡಿಸ್ಟ್ರಿಬ್ಯೂಟರನ್ನು ನಿಧಾನವಾಗಿ ಎತ್ತಿ. ಆಯಿಲ್ ಪಂಪಿನ ಆರು ಮೂಲೆಯ ಸಣ್ಣ ಸರಳು ಅದಕ್ಕೇ ಅಂಟಿಕೊಂಡು ಮೇಲೆ ಬರಬಹುದು, ಅರ್ಧದಲ್ಲಿ ಜಾರಿ ಬಿದ್ದರೆ ಅದನ್ನು ತೆಗೆಯಲು ಕೆಳಗಿನ ಆಯಿಲ್ ಪ್ಯಾನ್ ಇಳಿಸಬೇಕಾಗುತ್ತದೆ. ಆ ಸರಳಿಗೆ 1/4 ಇಂಚಿನ ಸಾಕೆಟ್ ಕೂರಿಸಿ, ಡ್ರಿಲ್‌ನಿಂದ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿ. ಡ್ರಿಲ್ ಇದ್ದಕ್ಕಿದ್ದಂತೆ ಭಾರವಾದರೆ ಆಯಿಲ್ ಒತ್ತಡ ಬಂತೆಂದು ಅರ್ಥ.

ಟ್ಯಾಂಕಿನ ಹಳೇ ಪೆಟ್ರೋಲ್ ಒಂದು ಹನಿಯೂ ಎಂಜಿನ್ನಿಗೆ ಹೋಗಬಾರದು. ಅದರ ಅಂಟು ವಾಲ್ವ್ ಕಾಂಡಕ್ಕೆ ಹಿಡಿದರೆ, ಎಂಜಿನ್ ತಣ್ಣಗಾಗಿ ಮತ್ತೆ ಸ್ಟಾರ್ಟ್ ಮಾಡಿದಾಗ ವಾಲ್ವ್ ತೆರೆಯುವ ಪುಶ್‌ರಾಡ್ ಎಂಬ ಸರಳು ಬಾಗುತ್ತದೆ. ಮೊದಲ ಸಲ ಚೊಕ್ಕ ಕ್ಯಾನಿನಿಂದಲೇ ಪೆಟ್ರೋಲ್ ಕೊಡಿ. ಈ ಮಾದರಿಯಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಉಕ್ಕಿನ ಗೋಡೆಯೂ ಇಲ್ಲ. ಆದ್ದರಿಂದ ಪೆಟ್ರೋಲಿನ ರಬ್ಬರ್ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸದೆ ಯಾರನ್ನೂ ಒಳಗೆ ಕೂರಿಸಬೇಡಿ.

ಪ್ರಶ್ನೆ: ಬಿಸಿಲಲ್ಲಿ ಪೆಟ್ರೋಲ್ ಆವಿಯಾಗಿ ಗಾಡಿ ನಿಲ್ಲುತ್ತದೆ. ಪೈಪಿಗೆ ಮರದ ಬಟ್ಟೆ ಕ್ಲಿಪ್ ಹಾಕಿದರೆ ಸರಿಹೋಗುತ್ತದಂತೆ?

ಉತ್ತರ: ಇಲ್ಲ. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಪೆಟ್ರೋಲ್ ಪಂಪಿನ ಒತ್ತಡ ಅಳೆಸಿ.

ಪ್ರಶ್ನೆ: ಹಳೇ ಪೆಟ್ರೋಲಿನಲ್ಲಿ ವಾಲ್ವ್ ಸೀಟ್ ಸವೆಯದಂತೆ ಕಾಯುತ್ತಿದ್ದ ಸೀಸದ ಬದಲಿಗೆ ಹಾಕುವ ಬಾಟಲಿ ಔಷಧ ಬೇಕೇ?

ಉತ್ತರ: ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲ್ 1996ರಲ್ಲೇ ಪೂರ್ತಿ ನಿಂತಿತು. ಭಾನುವಾರದ ಸುತ್ತಾಟಕ್ಕೆ ಏನೂ ಬೇಡ. ಮುಂದೆ ಹೆಡ್ ಬಿಚ್ಚಿದಾಗ ಗಟ್ಟಿ ವಾಲ್ವ್ ಸೀಟ್ ಹಾಕಿಸಿದರೆ ಸಾಕು.

ಪ್ರಶ್ನೆ: ಟೈರ್ ಪಟ್ಟಿ ಹೊಸದರಂತಿದೆ. ಬದಲಿಸಲೇಬೇಕೇ?

ಉತ್ತರ: ಬದಿಯಲ್ಲಿರುವ ನಾಲ್ಕಂಕಿ ಓದಿ. 2308 ಎಂದಿದ್ದರೆ 2008ರ 23ನೇ ವಾರದ್ದು. ಹತ್ತು ವರ್ಷ ದಾಟಿದ್ದನ್ನು ಎಸೆಯಿರಿ.

ಪ್ರಶ್ನೆ: ಬೆಂಗಳೂರಿಗೆ ತಂದು ವಿಂಟೇಜ್ ಎಂದು ನೋಂದಾಯಿಸಿ ದಿನಾ ಆಫೀಸಿಗೆ ಓಡಿಸಬಹುದೇ?

ಉತ್ತರ: ಆಗದು. 2021ರ ನಿಯಮದ ಪ್ರಕಾರ ಅಂಥ ಗಾಡಿ ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವಂಥ ಕೆಲಸಕ್ಕಷ್ಟೇ ರಸ್ತೆಗಿಳಿಯಬಹುದು.

ಪ್ರಶ್ನೆ: ಮಸ್ಟಾಂಗಿನ ಬಾನೆಟ್ ಅಂಚಿನಲ್ಲಿ ಬಣ್ಣ ಸವೆದು ಪ್ರೈಮರ್ ಕಾಣುತ್ತಿದೆ. ಹೊಸದಾಗಿ ಪೇಂಟ್ ಮಾಡಿಸಲೇ?

ಉತ್ತರ: ದಯವಿಟ್ಟು ಮಾಡಿಸಬೇಡಿ. 60 ವರ್ಷ ಉಳಿದ ಕಾರ್ಖಾನೆಯ ಬಣ್ಣ ಒಮ್ಮೆ ಉಜ್ಜಿ ತೆಗೆದರೆ ಮತ್ತೆ ಬಾರದು. ಪಾಲಿಶ್ ಮೆಷಿನ್ ಹತ್ತಿರಕ್ಕೂ ತರಬೇಡಿ, ಮೆತ್ತನೆ ಬಟ್ಟೆಯಲ್ಲಿ ಕೈಯಿಂದಲೇ ಮೇಣ ಹಚ್ಚಿ. ಕಾಳಜಿ ಇದ್ದರೆ ವೈಪರ್ ಕೆಳಗಿನ ಗಾಳಿಕಿಂಡಿಗೆ ಒಂದು ಚೊಂಬು ನೀರು ಹುಯ್ದು, ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಹನಿ ಬಿದ್ದರೆ ಒಳಗಿನ ತಗಡು ತೂತಾಗಿದೆ, ಕಾರ್ಪೆಟ್ ಕೆಳಗಿನ ನೆಲವೂ ಕೊಳೆಯುತ್ತಿದೆ. ಬಣ್ಣಕ್ಕೆ ಎತ್ತಿಟ್ಟ ದುಡ್ಡನ್ನು ಅಲ್ಲಿ ಖರ್ಚು ಮಾಡಿ.