ತುಳಸಿಮಣಿ, ತಸ್ಬಿ, ತೆರ್ಸ್: ಎಲ್ಲಾ ಒಂದೇನಾ?

ಪ್ರಶ್ನೆ: ನಮ್ಮತ್ತೆ ದಿನಾ ಬೆಳಿಗ್ಗೆ ತುಳಸಿಮಣಿ ಹಿಡಿದು 108 ಸಲ ರಾಮನಾಮ ಹೇಳುತ್ತಾರೆ. ಪಕ್ಕದ ಮನೆಯ ಅಜ್ಜಿ ನಮಾಜ್ ಮುಗಿಸಿ ತಸ್ಬಿ ಎಣಿಸುತ್ತಾರೆ. ಇಬ್ಬರದ್ದೂ ಒಂದೇ ದಾರೀನಾ? ನಾನು ಜಪಕ್ಕೆ ಕೂತರೆ ಬೆರಳು ಮಣಿ ಮೇಲೆ, ಮನಸ್ಸು ಒಲೆ ಮೇಲಿಟ್ಟ ಹಾಲಿನ ಮೇಲೆ. ಇದರಿಂದ ಏನಾದರೂ ಪ್ರಯೋಜನ ಇದೆಯಾ?
– ಓದುಗರೊಬ್ಬರು, ಹಾಸನ

ಉತ್ತರ: ಮನಸ್ಸು ಹಾಲಿನ ಕಡೆ ಓಡುವುದು ನಿಮ್ಮೊಬ್ಬರ ಕಷ್ಟ ಅಲ್ಲ. ಅದು ಎಲ್ಲರ ಕಷ್ಟ ಆಗಿದ್ದಕ್ಕೇ ಇಷ್ಟೊಂದು ಕಡೆ ಮಣಿಸರ ಹುಟ್ಟಿಕೊಂಡಿದೆ ಅಂತ ನನ್ನ ನಂಬಿಕೆ.

ಓದುವ ದಿನಗಳಲ್ಲಿ ನಾನು ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ. ಜೊತೆಗಿದ್ದವಳು ಕೊಂಕಣಿ ಕ್ರೈಸ್ತರ ಹುಡುಗಿ. ರಾತ್ರಿ ಲೈಟ್ ಆರಿದ ಮೇಲೆ ಜಪಸರ ಹಿಡಿದು ಕೂರುತ್ತಿದ್ದಳು. ಅವರಲ್ಲಿ ಅದಕ್ಕೆ ತೆರ್ಸ್ ಅಂತಾರೆ. ಹತ್ತು ಮಣಿ ಆದ ಮೇಲೆ ಸ್ವಲ್ಪ ಜಾಗ ಬಿಟ್ಟು ಒಂದು ಮಣಿ ಬರುತ್ತದೆ, ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ. ನನಗೆ ತಕ್ಷಣ ನಮ್ಮಜ್ಜಿ ನೆನಪಾದಳು. ಅವಳ ಸರದಲ್ಲಿ ಮೇರುಮಣಿ ಬಂದರೆ ದಾಟುವಂತಿಲ್ಲ, ಸರವನ್ನೇ ತಿರುಗಿಸಿಕೊಳ್ಳಬೇಕು. ಮನಸ್ಸು ಎಲ್ಲೋ ಹೋಗಿದ್ದರೂ ಆ ಮಣಿ ತಗುಲಿದ ಕೂಡಲೇ ಅಜ್ಜಿ ಕಣ್ಣು ಬಿಡುತ್ತಿದ್ದಳು. ತಸ್ಬಿಯಲ್ಲೂ 33 ಮಣಿಗೊಂದು ತಡೆ ಇರುತ್ತದೆ. ಪಕ್ಕದ ಅಜ್ಜಿಯ ಕೈಯಲ್ಲಿ ನೋಡಿ.

ನನ್ನನ್ನು ಜಾಸ್ತಿ ತಟ್ಟಿದ್ದು ಇನ್ನೊಂದು. ನಮ್ಮಲ್ಲಿ ಜಪಕ್ಕೆ ಮೂರು ಮೆಟ್ಟಿಲು ಹೇಳುತ್ತಾರೆ. ಗಟ್ಟಿಯಾಗಿ ಹೇಳುವುದು ವಾಚಿಕ, ತುಟಿ ಮಾತ್ರ ಆಡಿದರೆ ಉಪಾಂಶು, ಒಳಗೇ ನಡೆದರೆ ಮಾನಸ. ಇರಾನಿನ ತೂಸ್ ಊರಿನ ಇಸ್ಲಾಂ ವಿದ್ವಾಂಸ ಘಜಾಲಿ 1111ರಲ್ಲಿ ತೀರಿಕೊಂಡವರು. ಅವರು ಹೇಳಿದ ದಾರಿ ಹೀಗಿದೆ: ಮೊದಲು ನಾಲಿಗೆ ಅಲ್ಲಾ ಅಲ್ಲಾ ಅನ್ನುತ್ತಿರಲಿ. ಹೇಳುತ್ತಾ ಹೇಳುತ್ತಾ ನಾಲಿಗೆ ನಿಲ್ಲುತ್ತದೆ, ಹೆಸರು ಎದೆಯಲ್ಲಿ ಉಳಿಯುತ್ತದೆ. ಕೊನೆಗೆ ಅಕ್ಷರವೂ ಅಳಿಸಿಹೋಗಿ ಅರ್ಥ ಮಾತ್ರ ಇರುತ್ತದೆ. ಗ್ರೀಸಿನ ಆಥೋಸ್ ಬೆಟ್ಟದ ಕ್ರೈಸ್ತ ಸನ್ಯಾಸಿಗಳು ಉಣ್ಣೆದಾರಕ್ಕೆ ಗಂಟು ಹಾಕಿ ಎಣಿಸುತ್ತಾರೆ. 'ಯೇಸುವೇ, ಪಾಪಿಯಾದ ನನಗೆ ಕರುಣೆ ತೋರು' ಅನ್ನುವ ಪ್ರಾರ್ಥನೆಯನ್ನು ಉಸಿರಿನ ಜೊತೆ ಹೇಳುತ್ತಾರೆ. ತುಟಿಯಿಂದ ಬುದ್ಧಿಗೆ, ಬುದ್ಧಿಯಿಂದ ಎದೆಗೆ ಅದು ಇಳಿಯಬೇಕು ಅಂತ ಅವರ ಹಿರಿಯರೂ ಕಲಿಸಿದರು. ಎಲ್ಲಿಯ ತೂಸ್, ಎಲ್ಲಿಯ ಆಥೋಸ್, ಎಲ್ಲಿಯ ನಮ್ಮಜ್ಜಿಯ ದೇವರಮನೆ!

ಹಾಗಂತ ಎಲ್ಲಾ ಒಂದೇ ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸು ಒಪ್ಪುವುದಿಲ್ಲ. ನನ್ನ ಗೆಳತಿ ಮಣಿ ಎಣಿಸುವಾಗ ಯೇಸು ಮತ್ತು ಮೇರಿಯ ಬದುಕಿನ ಘಟನೆಗಳನ್ನು ಕಣ್ಣ ಮುಂದೆ ತಂದುಕೊಳ್ಳುತ್ತಿದ್ದಳು. ಜಪಾನಿನ ಬೌದ್ಧ ಗುರು ಹೋನೆನ್ (1133–1212) 'ನಮು ಅಮಿದ ಬುತ್ಸು', ಅಂದರೆ ಅಮಿದ ಬುದ್ಧನಿಗೆ ಶರಣು, ಅಂತ ಹೇಳಿ ಅಂದರು. ಆದರೆ ದಾಟಿಸುವುದು ನಮ್ಮ ಸಾಧನೆಯಲ್ಲ, ಅಮಿದ ಬುದ್ಧ ಕೊಟ್ಟ ಮಾತು ಅನ್ನುವುದು ಅವರ ನಂಬಿಕೆ. ಯಾರನ್ನು ಕರೆಯುತ್ತೇವೆ, ಯಾಕೆ ಕರೆಯುತ್ತೇವೆ ಅನ್ನುವುದು ಅವರವರಿಗೆ ಜೀವದಷ್ಟು ದೊಡ್ಡದು. ಅದನ್ನು ನಾವು ಅಳಿಸಬಾರದು ಅಲ್ವಾ?

ಇನ್ನು ನಿಮ್ಮ ಜಪ. ಹಾಲು ಕಾಯಿಸಿ, ಒಲೆ ಆರಿಸಿಯೇ ಕೂತುಕೊಳ್ಳಿ. 108 ಆಗದಿದ್ದರೆ 27 ಸಾಕು. ಮನಸ್ಸು ಓಡಿದ್ದು ಗೊತ್ತಾದಾಗ ಬೈದುಕೊಳ್ಳಬೇಡಿ, ಮುಂದಿನ ಮಣಿಗೆ ಬನ್ನಿ. ಸಂಜೆ ಪಕ್ಕದ ಅಜ್ಜಿ ಬಿಡುವಾಗಿದ್ದರೆ ಹೋಗಿ ಕೂತು, 'ಅಜ್ಜಿ, ನಿಮ್ಮ ಮನಸ್ಸು ಓಡಿದಾಗ ನೀವೇನು ಮಾಡುತ್ತೀರಿ?' ಅಂತ ಕೇಳಿ. ಅವರು ಏನಂದರು ಅಂತ ನನಗೂ ಬರೆಯಿರಿ.