ಲುವೊಯಾಂಗ್ ಕಾದಂಬರಿಯ ಹಸ್ತಪ್ರತಿಯ ಬಗ್ಗೆ, ಅದರ ಲೇಖಕರಿಗೆ

ಮಾನ್ಯರೇ,

ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಕಥೆಯ ಓಟದಲ್ಲೇ ಓದಿ ಮುಗಿಸಿದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕೂತೆ. ಮುಚ್ಚುಮರೆಯಿಲ್ಲದೆ ಅಭಿಪ್ರಾಯ ತಿಳಿಸಬೇಕೆಂದು ಜೊತೆಯ ಪತ್ರದಲ್ಲಿ ಕೇಳಿದ್ದೀರಿ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈಗಿನ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಆದರೆ ನೀವು ಬರೆದಿರುವುದರ ಅಡಿಯಲ್ಲಿ ಇನ್ನೂ ಬಲವಾದ ಒಂದು ಕಾದಂಬರಿ ಇದೆ ಎಂದು ನನಗೆ ಅನ್ನಿಸಿದ್ದರಿಂದಲೇ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ನಿಮ್ಮ ಕಥೆ ನಡೆಯುವುದು ಏಳನೆಯ ಶತಮಾನದ ಕೊನೆಯ ದಶಕದಲ್ಲಿ, ಸಾಮ್ರಾಜ್ಞಿ ವೂ ಝೆತಿಯೆನ್ ಆಳುತ್ತಿದ್ದ ಚೀನಾದ ಲುವೊಯಾಂಗ್ ನಗರದಲ್ಲಿ. ಹಳೆಯ ಮನೆತನದ ಮಂತ್ರಿಯೊಬ್ಬನ ಮೇಲೆ ರಾಜದ್ರೋಹದ ಸುಳ್ಳು ಆರೋಪ ಬಂದು ಅವನ ತಲೆ ಹೋಗುತ್ತದೆ. ಮಗಳು ಬೇರೆ ಹೆಸರಿನಲ್ಲಿ ಅರಮನೆಗೆ ದಾಸಿಯಾಗಿ ಸೇರಿ, ಸಂಚು ಹೂಡಿದ ಅಧಿಕಾರಿಯನ್ನು ಕೊನೆಯ ಅಧ್ಯಾಯದಲ್ಲಿ ಕಠಾರಿಯಿಂದ ಇರಿದು ಕೊಲ್ಲುತ್ತಾಳೆ. ಇದರಲ್ಲಿ 'ಮನೆತನದ ಮಾನ' ಎಂಬ ಮಾತು ಅಧ್ಯಾಯಕ್ಕೊಮ್ಮೆಯಾದರೂ ಬರುತ್ತದೆ. ತಂದೆ ಅದನ್ನು ಹೇಳಿ ಸಾಯುತ್ತಾನೆ, ಮಗಳು ಅದನ್ನು ನೆನೆದು ಅಳುತ್ತಾಳೆ. ಇಷ್ಟಾದರೂ ಆ ಮಾನ ಎಂದರೇನು, ಅದು ಎಲ್ಲಿ ದಾಖಲಾಗಿರುತ್ತದೆ, ಯಾರು ಅದನ್ನು ಕಿತ್ತುಕೊಳ್ಳಬಲ್ಲರು ಎಂಬುದು ಓದುಗನಿಗೆ ಗೊತ್ತಾಗುವುದೇ ಇಲ್ಲ. ನೀವು ಅದನ್ನು ಎದೆಯೊಳಗಿನ ಭಾವನೆ ಎಂದುಕೊಂಡಿದ್ದೀರಿ. ಆ ಕಾಲದ ಚೀನಾದಲ್ಲಿ ಅದಕ್ಕೆ ಕಾನೂನಿತ್ತು, ದಾಖಲೆಯಿತ್ತು, ಲೆಕ್ಕವಿತ್ತು.

653ರಲ್ಲಿ ಹೊರಬಂದ, ತಾಂಗ್ ರಾಜವಂಶದ ಕಾನೂನು ಸಂಹಿತೆಯನ್ನು ನೋಡಿ. ರಾಜದ್ರೋಹ ಹೂಡಿದವನಿಗೆ ಶಿರಚ್ಛೇದ. ಅವನ ತಂದೆಗೂ, ಹದಿನಾರು ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನ ಗಂಡುಮಕ್ಕಳಿಗೂ ಕತ್ತು ಬಿಗಿದು ಮರಣದಂಡನೆ. ಹದಿನೈದರೊಳಗಿನ ಗಂಡುಮಕ್ಕಳು, ತಾಯಿ, ಹೆಂಡತಿ, ಹೆಣ್ಣುಮಕ್ಕಳು, ಸೊಸೆಯಂದಿರು, ಅಣ್ಣತಮ್ಮಂದಿರು, ಅಕ್ಕತಂಗಿಯರು ಆಸ್ತಿಯ ಜೊತೆಗೇ ಸರ್ಕಾರದ ವಶವಾಗಿ ಗುಲಾಮರಾಗುತ್ತಾರೆ. ತಂದೆಯ ಅಣ್ಣತಮ್ಮಂದಿರಿಗೂ ಅಣ್ಣತಮ್ಮಂದಿರ ಮಕ್ಕಳಿಗೂ ಮೂರು ಸಾವಿರ 'ಲೀ' (ಚೀನಾದ ದೂರದ ಅಳತೆ) ಆಚೆಗೆ ಗಡೀಪಾರು. ಎಂಬತ್ತು ದಾಟಿದ ಮುದುಕರನ್ನೂ ಅರುವತ್ತು ದಾಟಿದ ಹೆಂಗಸರನ್ನೂ ಬಿಟ್ಟುಬಿಡಬೇಕು. ಈ ಪಟ್ಟಿಯನ್ನು ಹಾಗೆಯೇ ಕಾದಂಬರಿಗೆ ತುಂಬಿ ಎಂದು ನಾನು ಹೇಳುತ್ತಿಲ್ಲ. ಸೈನಿಕರು ಬಾಗಿಲು ತಟ್ಟಿದ ರಾತ್ರಿ ಆ ಮನೆಯ ಪ್ರತಿಯೊಬ್ಬರಿಗೂ ಇದು ಬಾಯಿಪಾಠವಾಗಿ ಗೊತ್ತಿರುತ್ತದೆ ಎಂಬುದನ್ನು ನೀವು ಮರೆತಿದ್ದೀರಿ. ನಿಮ್ಮ ಕಥೆಯಲ್ಲಿ ಹದಿನಾರರ ತಮ್ಮನನ್ನು ಗಡೀಪಾರು ಮಾಡಿ ಕಳಿಸಿದ್ದೀರಿ. ಕಾನೂನಿನ ಪ್ರಕಾರ ಅವನು ಸಾಯಬೇಕಿತ್ತು. ಆಗಿನ ಚೀನಾದ ಲೆಕ್ಕದಲ್ಲಿ ಹುಟ್ಟಿದ ಕೂಡಲೇ ಮಗುವಿಗೆ ಒಂದು ವರ್ಷ, ಹೊಸವರ್ಷ ಬಂದಾಗಲೆಲ್ಲ ಇನ್ನೊಂದು. ಆದ್ದರಿಂದ ಅವರ ಹದಿನಾರು ಎಂದರೆ ನಮ್ಮ ಲೆಕ್ಕದಲ್ಲಿ ಹದಿನಾಲ್ಕೋ ಹದಿನೈದೋ. ಕುಟುಂಬದ ದಾಖಲೆಯಲ್ಲಿ ಆ ಹುಡುಗನ ವಯಸ್ಸು ಏನೆಂದು ಬರೆದಿದೆ ಎಂದು ತಾಯಿ ಎದೆ ಹಿಡಿದುಕೊಂಡು ಕಾಯುವ ಒಂದು ಪುಟ, ನಿಮ್ಮ ಮೂರನೆಯ ಅಧ್ಯಾಯದ ಕಣ್ಣೀರಿನ ಹತ್ತು ಪುಟಗಳಿಗೆ ಸಮ.

ಇನ್ನು ನಿಶ್ಚಿತಾರ್ಥದ ವಿಷಯ. ನಿಮ್ಮ ಕಾದಂಬರಿಯ ಜೀವ ಇರುವುದು ಇಲ್ಲಿಯೇ, ಆದರೆ ನೀವು ಅದನ್ನು ದಾಟಿಕೊಂಡು ಹೋಗಿಬಿಟ್ಟಿದ್ದೀರಿ. ಎರಡನೆಯ ಅಧ್ಯಾಯದಲ್ಲಿ ನಾಯಕಿಗೆ ಗೊತ್ತುಮಾಡಿದ್ದ ಸಂಬಂಧವನ್ನು ಗಂಡಿನ ಕಡೆಯವರು ಮುರಿದುಕೊಳ್ಳುತ್ತಾರೆ, ಅವಳು ಬೇಸರಪಡುತ್ತಾಳೆ, ಅಲ್ಲಿಗೆ ಆ ಎಳೆ ಮುಗಿಯುತ್ತದೆ. ಅದೇ ಸಂಹಿತೆಯಲ್ಲಿ ಇನ್ನೊಂದು ಕಲಮಿದೆ: ಮದುವೆ ನಿಶ್ಚಯವಾದ ಹೆಣ್ಣು ತವರಿನ ಅಪರಾಧಕ್ಕೆ ಹೊಣೆಯಲ್ಲ, ಅವಳು ಗಂಡನ ಮನೆಗೆ ಸೇರಿದವಳು. ಮದುವೆಯ ಒಪ್ಪಿಗೆ ಪತ್ರ ಕೈಯಲ್ಲಿದ್ದರೆ, ಇಲ್ಲವೇ ವಧುದಕ್ಷಿಣೆ ಸ್ವೀಕರಿಸಿದ್ದರೆ, ಮದುವೆ ನಡೆಯದಿದ್ದರೂ ಅವಳು ಬಚಾವು. ಸನ್ಯಾಸಿನಿಯಾದವಳಿಗೂ ವಿನಾಯಿತಿಯಿತ್ತು. ಹಾಗಾದರೆ ಆ ಒಪ್ಪಿಗೆ ಪತ್ರವೇ ಅವಳ ಪ್ರಾಣ. ಗಂಡಿನ ತಂದೆ ಅದನ್ನು ಬಂಧನಕ್ಕೆ ಮೊದಲೇ ಹರಿದುಹಾಕಿದನೋ, ಆಮೇಲೆ ಹರಿದುಹಾಕಿದನೋ? ದ್ರೋಹಿಯ ಮಗಳನ್ನು ಒಳಗೆ ಕರೆದುಕೊಂಡರೆ ತನ್ನ ಮನೆಯ ಮೇಲೂ ಸಂಶಯ. ಕರೆದುಕೊಳ್ಳದಿದ್ದರೆ ಕೊಟ್ಟ ಮಾತಿಗೆ ತಪ್ಪಿದ ಮನೆ ಎಂಬ ಹೆಸರು. ಈ ಮನುಷ್ಯನಿಗೆ ನೀವು ಎರಡೇ ಸಾಲು ಕೊಟ್ಟಿದ್ದೀರಿ. ನನಗಂತೂ ಅವನು ನಿಮ್ಮ ಖಳನಾಯಕನಿಗಿಂತ ಹೆಚ್ಚು ಮುಖ್ಯನಾಗಿ ಕಾಣುತ್ತಾನೆ.

ಸಂಚಿನ ಭಾಗಕ್ಕೆ ಬರುತ್ತೇನೆ. ನಿಮ್ಮಲ್ಲಿ ಸಂಚು ಎಂದರೆ ಕಂಬದ ಮರೆಯ ಪಿಸುಮಾತು, ಮುಸುಕು ಹಾಕಿದ ದೂತ, ವಿಷದ ಬಟ್ಟಲು. ಆ ಆಸ್ಥಾನದಲ್ಲಿ ಜನರನ್ನು ಕೊಲ್ಲುತ್ತಿದ್ದದ್ದು ಹೆಚ್ಚಾಗಿ ಬರವಣಿಗೆ. 686ರಲ್ಲಿ ಸಾಮ್ರಾಜ್ಞಿ ದೂರುಗಳನ್ನು ಹಾಕಲು ನಾಲ್ಕು ಭಾಗಗಳಿದ್ದ ತಾಮ್ರದ ಪೆಟ್ಟಿಗೆಯೊಂದನ್ನು ಇರಿಸಿದಳು. ದೂರು ಕೊಡಲು ದೂರದೂರಿಂದ ಬರುವವರಿಗೆ ಸರ್ಕಾರದ ಕುದುರೆ, ದಾರಿಯ ಊಟ ಎಲ್ಲವೂ ಸಿಗುತ್ತಿತ್ತು. ಆ ಪೆಟ್ಟಿಗೆಯನ್ನು ಮಾಡಿಕೊಟ್ಟ ಯೂ ಬಾವೋಜಿಯಾ, 684ರಲ್ಲಿ ಅವಳ ವಿರುದ್ಧ ಎದ್ದ ಬಂಡಾಯಗಾರರಿಗೆ ಆಯುಧ ಮಾಡಿಕೊಟ್ಟಿದ್ದನೆಂಬ ದೂರು ಅದೇ ಪೆಟ್ಟಿಗೆಗೆ ಬಿದ್ದು, ಮರಣದಂಡನೆಗೆ ಗುರಿಯಾದ.

692ರ ದಿ ರೆನ್‌ಜಿಯೆಯ ಪ್ರಕರಣವನ್ನು ನೀವು ಓದಲೇಬೇಕು. ಮಂತ್ರಿಯಾಗಿದ್ದ ಅವನ ಮೇಲೆ ಲೈ ಜುನ್‌ಚೆನ್ ಎಂಬ ವಿಚಾರಣಾಧಿಕಾರಿ ದ್ರೋಹದ ಆರೋಪ ಹೊರಿಸಿದ. ಮೊದಲ ವಿಚಾರಣೆಯಲ್ಲೇ ಒಪ್ಪಿಕೊಂಡವರಿಗೆ ಮರಣದಂಡನೆ ಇಲ್ಲ ಎಂಬ ಆಜ್ಞೆ ಇತ್ತು. ದಿ ರೆನ್‌ಜಿಯೆ ಕೂಡಲೇ ಒಪ್ಪಿಕೊಂಡುಬಿಟ್ಟ. ಕಾವಲು ಸಡಿಲವಾದಾಗ ಹೊದಿಕೆಯ ಬಟ್ಟೆ ಹರಿದು ಅದರ ಮೇಲೆ ತನ್ನ ಅಳಲು ಬರೆದು, ದಪ್ಪ ನಿಲುವಂಗಿಯೊಳಗೆ ಅಡಗಿಸಿ, ಸೆಕೆಯಾಗುತ್ತಿದೆ, ಒಳಗೆ ತುಂಬಿದ್ದನ್ನು ತೆಗೆಸಿಕೊಡಿ ಎಂದು ಮನೆಗೆ ಕಳಿಸಿದ. ಮಗ ಆ ಬಟ್ಟೆಯನ್ನು ಸಾಮ್ರಾಜ್ಞಿಗೆ ಮುಟ್ಟಿಸಿದ. ಇತ್ತ ಲೈ ಜುನ್‌ಚೆನ್, ಸಾವಿಗೆ ಕೃತಜ್ಞತೆ ಸಲ್ಲಿಸುವ ಪತ್ರವೊಂದನ್ನು ಕೈದಿಗಳ ಹೆಸರಿನಲ್ಲಿ ತಾನೇ ಸೃಷ್ಟಿಸಿ ಒಪ್ಪಿಸಿದ್ದ. ಅದೇ ಹೊತ್ತಿಗೆ, ಹೀಗೆಯೇ ನಾಶವಾದ ಇನ್ನೊಬ್ಬ ಮಂತ್ರಿಯ ಮಗ, ಹತ್ತು ವರ್ಷ ತುಂಬದ ಗುಲಾಮ ಹುಡುಗ, ಸಾಮ್ರಾಜ್ಞಿಯ ಎದುರು ನಿಂತು, ನೀವು ಅತ್ಯಂತ ನಂಬುವ ಮಂತ್ರಿಯನ್ನೇ ಲೈ ಜುನ್‌ಚೆನ್‌ನ ಕೈಗೆ ಕೊಟ್ಟು ನೋಡಿ, ಅವನೂ ದ್ರೋಹ ಒಪ್ಪಿಕೊಳ್ಳುತ್ತಾನೆ ಎಂಬರ್ಥದ ಮಾತು ಆಡಿದ. ದಿ ರೆನ್‌ಜಿಯೆ ಬದುಕಿಕೊಂಡ. ಇದರಲ್ಲಿ ಕಠಾರಿ ಎಲ್ಲಿಯೂ ಇಲ್ಲ. ಆದರೂ ಓದುವಾಗ ನಿಮ್ಮ ಹನ್ನೆರಡನೆಯ ಅಧ್ಯಾಯದ ಕತ್ತಿವರಸೆಗಿಂತ ಹೆಚ್ಚಾಗಿ ಉಸಿರು ಹಿಡಿಯುತ್ತದೆ.

ಕೆಲವು ಸಣ್ಣ ತಪ್ಪುಗಳಿವೆ. ಮೆಣಸಿನಕಾಯಿ ಚೀನಾಕ್ಕೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ನಿಮ್ಮ ಅಡುಗೆಮನೆಯಿಂದ ಅದನ್ನು ತೆಗೆಯಿರಿ. ಗಂಡಸರ ಉದ್ದ ಜಡೆ ಬಹಳ ಕಾಲದ ನಂತರ ಬಂದ ಮಂಚೂ ದೊರೆಗಳ ಕಾಲದ್ದು. 'ನಿಷೇಧಿತ ನಗರ' ಕಟ್ಟಿದ್ದು ಬೀಜಿಂಗ್‌ನಲ್ಲಿ, 1420ರ ಹೊತ್ತಿಗೆ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಪಾತ್ರಗಳು 'ಎಲೈ ಮಂತ್ರಿಯೇ' ಎನ್ನುತ್ತವೆ, ಕುಲದೇವತೆಯ ಮೇಲೆ ಆಣೆ ಇಡುತ್ತವೆ, ಪಿಂಡಪ್ರದಾನ ಮಾಡುತ್ತವೆ. ಹೀಗೆ ಬರೆದಾಗ ಲುವೊಯಾಂಗ್ ಮಾಯವಾಗಿ ನಮ್ಮ ಪೌರಾಣಿಕ ನಾಟಕದ ರಂಗ ಬಂದು ನಿಲ್ಲುತ್ತದೆ. ಚೀನಾದ ಮನೆಯೊಂದರಲ್ಲಿ ತೀರಿಕೊಂಡವರ ಮುಂದೆ ಅನ್ನ, ಮದ್ಯ ಇಡುವುದಕ್ಕೆ 'ಹಿರಿಯರಿಗೆ ಎಡೆ ಇಡುವುದು' ಎಂಬ ನಮ್ಮ ಹಳ್ಳಿಯ ಮಾತು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಅದರಲ್ಲಿ ಮಂತ್ರವಿಲ್ಲ, ಪುರೋಹಿತನಿಲ್ಲ. ಎಡೆ ಇಡಲು ಮಕ್ಕಳೇ ಉಳಿಯದಿದ್ದರೆ ಸತ್ತವರು ಹಸಿದಿರುತ್ತಾರೆ ಎಂಬ ಭಯವೂ ಅದರೊಳಗೇ ಇದೆ. ಮನೆತನ ನಿರ್ವಂಶವಾಗುವುದೆಂದರೆ ಆ ಕಾಲದವರಿಗೆ ಏನೆಂಬುದನ್ನು ಆ ಒಂದು ಮಾತಿನಿಂದಲೇ ನೀವು ತೋರಿಸಬಹುದು.

ಕೊನೆಯದಾಗಿ, ಮುಕ್ತಾಯ. ಶಾಂಗ್‌ಗುವಾನ್ ವಾನ್‌ಅರ್ ಎಂಬವಳ ಬದುಕು ನಿಮಗೆ ತಿಳಿದಿದೆಯೇ? ಆಗ ಚಕ್ರವರ್ತಿಯ ರಾಣಿಯಾಗಿದ್ದ ವೂ ಝೆತಿಯೆನ್‌ಳನ್ನು ಪಟ್ಟದಿಂದ ಇಳಿಸುವ ಆಜ್ಞೆಯ ಕರಡು ಬರೆದದ್ದಕ್ಕಾಗಿ ಅವಳ ಅಜ್ಜ 664ರಲ್ಲಿ ಸತ್ತ, ತಂದೆಯೂ ಸತ್ತ. ಕೂಸಾಗಿದ್ದ ಅವಳು ತಾಯಿಯೊಂದಿಗೆ ಅರಮನೆಯ ಗುಲಾಮಳಾದಳು. ಬೆಳೆದು, ತನ್ನ ಮನೆಯನ್ನು ಅಳಿಸಿದ ಅದೇ ಹೆಂಗಸಿನ ಆಜ್ಞೆಗಳನ್ನು ಬರೆದುಕೊಡುವ ಕೆಲಸಕ್ಕೆ ನಿಂತಳು. ವೂ 705ರಲ್ಲಿ ಸಿಂಹಾಸನ ಬಿಟ್ಟ ಮೇಲೆ ಅಜ್ಜನಿಗೂ ತಂದೆಗೂ ಮರಣೋತ್ತರವಾಗಿ ಪದವಿಗಳು ಬಂದವು, ಅವರ ದೇಹಗಳಿಗೆ ವಿಧಿಪೂರ್ವಕವಾಗಿ ಮತ್ತೊಮ್ಮೆ ಸಮಾಧಿಯಾಯಿತು. ವಾನ್‌ಅರ್ 710ರ ಅರಮನೆ ಕ್ರಾಂತಿಯಲ್ಲಿ ಕೊಲೆಯಾದಳು. ಅವಳ ಸಮಾಧಿಲೇಖ 2013ರಲ್ಲಿ ಶಿಆನ್ ನಗರದ ಬಳಿ ಸಿಕ್ಕಿತು. ನಿಮ್ಮ ನಾಯಕಿ ಕಠಾರಿ ಎತ್ತಿದರೆ ಅಧಿಕಾರಿ ಸಾಯುತ್ತಾನೆ, ಆದರೆ ಅವಳ ತಂದೆ ದಾಖಲೆಯಲ್ಲಿ ದ್ರೋಹಿಯಾಗಿಯೇ ಉಳಿಯುತ್ತಾನೆ. ಅವಳಿಗೆ ಬೇಕಾದದ್ದು ಮೊಹರು ಬಿದ್ದ ಒಂದು ಆಜ್ಞೆ. ಅದನ್ನು ಪಡೆಯಲು ಅವಳು ಎಷ್ಟು ವರ್ಷ, ಯಾರ ಮುಂದೆ, ಯಾವ ಮುಖ ಹೊತ್ತು ನಿಲ್ಲಬೇಕಾಯಿತು ಎಂಬುದನ್ನು ಬರೆಯಿರಿ.

ಇಡೀ ಹಸ್ತಪ್ರತಿಯನ್ನು ಈಗಲೇ ತಿದ್ದಲು ಹೋಗಬೇಡಿ. ಒಪ್ಪಿಗೆ ಪತ್ರದ ಎಳೆ ಹಿಡಿದು ಎರಡನೆಯ, ಮೂರನೆಯ ಅಧ್ಯಾಯಗಳನ್ನು ಹೊಸದಾಗಿ ಬರೆದು, ಅವೆರಡನ್ನೇ ನನಗೆ ಕಳುಹಿಸಿ. ಬಂದ ವಾರದಲ್ಲೇ ಓದಿ ಉತ್ತರ ಬರೆಯುತ್ತೇನೆ.

ವಿಶ್ವಾಸದಿಂದ,
ಸಂಪಾದಕ